ಸಿದ್ರಾಮಪ್ಪನವರ ಘಂಟಾಸುರ

ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಸಿದ್ರಾಮಪ್ಪನವರು ತೊಂಬತ್ತೊಂದನೆಯ ಸಲ ಸತ್ತರು.

ಸತ್ತದ್ದು ಟಿವಿಯೊಳಗೆ. ಆದರೆ ಅವರು ಹಾಕಿದ ಕೂಗಿಗೆ ಧನಕವಡಿಯ ಆ ನಾಲ್ಕು ಮಹಡಿಯ ಕಟ್ಟಡದ ಮೇಲಿದ್ದ ಪಾರಿವಾಳಗಳೆಲ್ಲ ಒಮ್ಮೆಲೇ ಎದ್ದು ಹಾರಿದವು.

"ಅನ್ಯಾಯ! ಶುದ್ಧ ಅನ್ಯಾಯ! ಸತ್ತಾವ ಮತ್ತ ಎದ್ದು ನಿಂದರತಾನಲ್ಲ! ಮರಣ ಪ್ರಮಾಣಪತ್ರ ಕೊಟ್ಟಮ್ಯಾಲೆ ಫೈಲು ತಿರುಗಿ ತೆಗಿಯೂದು ಯಾವ ಕಾಯ್ದೆದಾಗ ಅದ?"

ಸಿದ್ರಾಮಪ್ಪನವರು ವಿಮಾ ಕಚೇರಿಯ ಕ್ಲೇಮು ವಿಭಾಗದಲ್ಲಿ ಮೂವತ್ತೊಂದು ವರ್ಷ ಗುಮಾಸ್ತರಾಗಿದ್ದು ಈ ವರ್ಷವಷ್ಟೇ ನಿವೃತ್ತರಾದವರು. ಮಗಳು ಸ್ನೇಹಲ್ ಊರಿನ ಇನ್ನೊಂದು ತುದಿಯ ವಾಕಡದ ತನ್ನ ಮನೆಗೆ ಬಣ್ಣ ಬಳಿಸುವಾಗ, ಧೂಳು ಕೂರಬಾರದೆಂದು ತನ್ನ ವಿಡಿಯೋ ಗೇಮಿನ ಡಬ್ಬಿಯನ್ನು ತಂದೆಯ ಮನೆಯಲ್ಲಿ ಇಟ್ಟುಹೋಗಿದ್ದಳು. ಹೊತ್ತು ಹೋಗದ ಸಿದ್ರಾಮಪ್ಪನವರು ಒಂದು ದಿನ ಅದನ್ನು ಹಚ್ಚಿ ನೋಡಿದರು. ಕತ್ತಿ ಹಿಡಿದ ಒಬ್ಬ ಯೋಧ, ಅವನು ದಾಟಬೇಕಾದ ಕೋಟೆಗಳು, ಒಂದೊಂದು ಕೋಟೆಯ ಕೊನೆಗೂ ಕಾದು ನಿಂತ ಒಬ್ಬ ಮಹಾ ವೈರಿ. ಈ ವೈರಿಗೆ ಬಾಸ್ ಎನ್ನುತ್ತಾರೆಂದು ಮಗಳು ಫೋನಿನಲ್ಲಿ ಹೇಳಿಕೊಟ್ಟಳು. ಮೊದಲನೆಯ ಕೋಟೆಯ ಬಾಸ್ ಸರಪಳಿಗೆ ಕಟ್ಟಿದ ದೊಡ್ಡ ಗಂಟೆಯನ್ನೇ ಗದೆಯಂತೆ ಬೀಸುವ ದೈತ್ಯ. ಅವನ ಇಂಗ್ಲಿಷ್ ಹೆಸರು ನಾಲಿಗೆಗೆ ಹೊರಳದೆ ಸಿದ್ರಾಮಪ್ಪನವರು ಘಂಟಾಸುರ ಎಂದು ಕರೆದರು. ಇಪ್ಪತ್ತಾರು ದಿನಗಳಿಂದ ಅವನ ಎದುರೇ ನಿಂತಿದ್ದರು.

ಪಾರಿವಾಳಗಳು ತಿರುಗಿ ಬಂದು ಕೂರುವಷ್ಟರಲ್ಲಿ ಹೆಂಡತಿ ತ್ರಿವೇಣಿ ವಾಕಡಕ್ಕೆ ಫೋನು ಹಚ್ಚಿದ್ದರು. "ಸ್ನೇಹಲ್, ನಿಮ್ಮಪ್ಪನ ಬಿಪಿ ನೂರಾ ಅರವತ್ತೆರಡು ಅದ. ಬಂದು ಈ ಡಬ್ಬಿ ಒಯ್ಯಿ."

"ಒಯ್ಯೂ ಮಾತೇ ಇಲ್ಲ!" ಎಂದರು ಸಿದ್ರಾಮಪ್ಪ.

ಕೊನೆಗೆ ಮಗಳೇ ಒಂದು ಷರತ್ತು ಹಾಕಿದಳು. "ಅಪ್ಪಾ, ಸಂಜೆ ಐದಕ್ಕ ಬರತೀನಿ. ಅಷ್ಟರಾಗ ಅವನ್ನ ಸೋಲಿಸಿದ್ರ ಡಬ್ಬಿ ನಿಮ್ಮದ. ಇಲ್ಲಾಂದ್ರ ಒಯ್ತೀನಿ. ಮತ್ತ ವಾದ ಮಾಡಂಗಿಲ್ಲ."

ಫೋನಿಡುತ್ತಿದ್ದಂತೆ ಎದುರುಮನೆಯ ಅವಧೂತ ಕಾಕಾ ಬಾಗಿಲಲ್ಲಿದ್ದರು. ಒಂದು ಕಾಲದಲ್ಲಿ ತಾಲೀಮಿನ ವಸ್ತಾದ್, ಹುಡುಗರಿಗೆ ಕುಸ್ತಿ ಕಲಿಸಿದವರು. ಇಪ್ಪತ್ತು ವರ್ಷದ ನೆರೆಯಲ್ಲಿ ಕನ್ನಡ ಕಲಿತಿದ್ದರು, ಆವೇಶ ಬಂದರೆ ಮಾತ್ರ ಮರಾಠಿಗೆ ಜಿಗಿಯುತ್ತಿದ್ದರು. ಕೂಗು ಕೇಳಿ ಗಂಡ ಹೆಂಡತಿ ಜಗಳವೆಂದು ಬಿಡಿಸಲು ಬಂದವರು, ವಿಷಯ ತಿಳಿದ ಮೇಲೆ ಸೋಫಾದ ನಟ್ಟನಡುವೆ ಕೂತುಬಿಟ್ಟರು.

"ನಿಮ್ಮ ತಪ್ಪು ಏನ ಗೊತ್ತದ ಏನ್ರಿ? ನೀವು ಅಂಜತೀರಿ. ಪೈಲ್ವಾನನ ಮೈಗೆ ಅಂಟಿ ನಿಂತ್ರ ಅವನಿಗೆ ಕೈ ಎತ್ತಲಿಕ್ಕೆ ಜಾಗಾನೇ ಇರೂದಿಲ್ಲ. ಘುಸಾ, ನುಗ್ರಿ ಒಳಗ!"

ಸಿದ್ರಾಮಪ್ಪನವರು ಘುಸಿದರು. ಎಂಟು ಸೆಕೆಂಡಿನಲ್ಲಿ ಗಂಟೆ ತಲೆಯ ಮೇಲೆ ಬಿತ್ತು. ತೊಂಬತ್ತೆರಡು.

"ಇನ್ನೂ ಹತ್ತಿರ ಹೋಗಬೇಕಿತ್ತು," ಎಂದರು ಕಾಕಾ.

"ಇನ್ನೂ ಹತ್ತಿರ ಅಂದ್ರ ಅವನ ಹೊಟ್ಟಿಯೊಳಗೇನ್ರಿ?"

ಅಷ್ಟರಲ್ಲಿ ಮೇಲಿನ ಮನೆಯ ಮಹದೇವಮ್ಮ ಹೆಪ್ಪಿಗೆ ಒಂದು ಚಮಚ ಮೊಸರು ಕೇಳಲು ಬಟ್ಟಲು ಹಿಡಿದು ಇಳಿದು ಬಂದರು. ಎಪ್ಪತ್ತು ದಾಟಿದ ಕಲಬುರಗಿಯ ಮುದುಕಿ, ಕಣ್ಣು ಮಾತ್ರ ಹದ್ದಿನದು. ಮೊಸರು ಮರೆತು ಟಿವಿಯ ಮುಂದೆ ನಿಂತರು.

"ಅಯ್ಯ, ಇಷ್ಟ ದೊಡ್ಡ ಗಂಟಿ ಹೊತ್ತಾವಂಗ ದಣಿವು ಆಗಂಗಿಲ್ಲೇನ್ರಿ? ನೀವು ಹೊಡಿಲಿಕ್ಕೇ ಹೋಗಬ್ಯಾಡ್ರಿ. ಸುಮ್ನ ಓಡ್ಯಾಡಿಸ್ರಿ. ತಾನ ಸೋತು ಕುಂದರತಾನ."

ಸಿದ್ರಾಮಪ್ಪನವರು ಓಡಿದರು. ಹದಿನೈದು ನಿಮಿಷ ಘಂಟಾಸುರನ ಸುತ್ತ ಗಾಣದ ಎತ್ತಿನಂತೆ ಸುತ್ತಿದರು. ಘಂಟಾಸುರ ದಣಿಯಲಿಲ್ಲ. ಸಿದ್ರಾಮಪ್ಪನವರ ಹೆಬ್ಬೆರಳು ಸೆಟೆದು ರಿಮೋಟಿಗೆ ಅಂಟಿತು. ತ್ರಿವೇಣಿ ಬೆಚ್ಚಗಿನ ಎಣ್ಣೆ ಹಚ್ಚಿ ಬಿಡಿಸಬೇಕಾಯಿತು. ತೊಂಬತ್ತಮೂರು.

ಆದರೆ ಮಹದೇವಮ್ಮ ಒಂದು ಸೂಕ್ಷ್ಮ ಕಂಡಿದ್ದರು. "ಬೀಸೂಕಿಂತ ಮೊದಲ ಎಡಗಾಲು ಹಿಂದ ಎಳಕೋತಾನ, ನೋಡ್ರಿ. ಆವಾಗ ಬಗ್ಗಿ ಒಂದೇಟು ಹಾಕ್ರಿ, ಸರಕ್ಕನ ಈಚೆ ಬರ್ರಿ."

ಇದು ಕೆಲಸಕ್ಕೆ ಬಂತು. ಎಡಗಾಲು, ಏಟು, ಸರಕ್ಕನೆ ಹಿಂದೆ. ಘಂಟಾಸುರ ಒಮ್ಮೆ ಬಿದ್ದು ಎದ್ದ ಮೇಲಿನ ಜೀವದ ಕೆಂಪು ಪಟ್ಟಿ ಮೊದಲ ಬಾರಿಗೆ ಕಾಲುಭಾಗಕ್ಕೆ ಇಳಿಯಿತು. ಆಗ ಅವಧೂತ ಕಾಕಾ ಸೋಫಾದಿಂದಲೇ ಎದ್ದು, ಹಿಂದೆ ಸರಿಯದೆ ಹೊಡೆಯಿರೆಂದು ಮರಾಠಿಯಲ್ಲಿ ಗರ್ಜಿಸಿದರು: "ಅಹೋ, ಮಾಗೆ ಕಶಾಲಾ ಜಾತಾ? ಮಾರಾ!"

"ಹಿಂದ ಬರ್ರಿ!" ಎಂದು ಮಹದೇವಮ್ಮ ಕಿರುಚಿದರು.

"ಮಾರಾ!"

"ಬರ್ರಿ!"

ಸಿದ್ರಾಮಪ್ಪನವರು ಎರಡನ್ನೂ ಒಟ್ಟಿಗೆ ಮಾಡಲು ಹೋಗಿ, ಘಂಟಾಸುರ ಮುಟ್ಟುವ ಮೊದಲೇ ತಾವೇ ಕೋಟೆಯ ಗೋಡೆಯಿಂದ ಕೆಳಗೆ ಬಿದ್ದರು.

ಅವರು ರಿಮೋಟನ್ನು ಸೋಫಾದ ಮೇಲೆ ಎಸೆದು ಎದ್ದು ನಿಂತರು. ಕಿವಿ ಕೆಂಪಾಗಿತ್ತು. "ನೀವು ನನ್ನ ಕಡೆಯವರೋ ಅವನ ಕಡೆಯವರೋ? ಮೂವತ್ತೊಂದು ವರ್ಷ ಒಂದು ಫೈಲಿನ್ಯಾಗ ಇನ್ನೊಬ್ಬರಿಗೆ ಕೈ ಹಾಕಲಿಕ್ಕೆ ಬಿಟ್ಟಾವ ಅಲ್ಲ ನಾನು!"

ನೆರೆಯವರು ನೊಂದುಕೊಂಡರು. ಆದರೆ ಯಾರೂ ಎದ್ದುಹೋಗಲಿಲ್ಲ, ಏಕೆಂದರೆ ತ್ರಿವೇಣಿ ಒಗ್ಗರಣೆಗೆ ಹಾಕಿದ ಮಂಡಕ್ಕಿಯ ವಾಸನೆ ಬರುತ್ತಿತ್ತು.

ಊಟದ ಹೊತ್ತಿಗೆ ಲೆಕ್ಕ ತೊಂಬತ್ತೆಂಟಕ್ಕೆ ಮುಟ್ಟಿತ್ತು. ಬಿಪಿ ನೂರಾ ಎಪ್ಪತ್ತು. ತ್ರಿವೇಣಿ ಗಂಡನನ್ನು ರಟ್ಟೆ ಹಿಡಿದು ಒಳಗೆ ಒಯ್ದು ಮಲಗಿಸಿದರು. "ಒಂದು ತಾಸು ಕಣ್ಣು ಮುಚ್ರಿ. ಅವ ಎಲ್ಲಿಗೂ ಓಡಿ ಹೋಗಂಗಿಲ್ಲ."

ನಾಲ್ಕಕ್ಕೆ ಎದ್ದ ಸಿದ್ರಾಮಪ್ಪನವರು ಮುಖ ತೊಳೆದು, ವಿಭೂತಿ ಹಚ್ಚಿಕೊಂಡು ಕೂತರು. ಕಾಕಾ, ಮಹದೇವಮ್ಮ ಊಟ ಮುಗಿಸಿ ಮೊದಲೇ ಬಂದು ಜಾಗ ಹಿಡಿದಿದ್ದರು. ಬಾಯಿ ತೆರೆಯುವುದಿಲ್ಲವೆಂದು ಆಣೆ ಮಾಡಿದರು.

ಎಡಗಾಲು. ಏಟು. ಹಿಂದೆ. ಗಂಟೆಯ ಬೀಸು ಸ್ಪಷ್ಟವಾಗಿ ಕಾಣುತ್ತಿತ್ತು. ನಿದ್ದೆ ಆದರೆ ಕಣ್ಣು ಎಷ್ಟು ಚುರುಕಾಗುತ್ತದೆಂದು ಅವರಿಗೇ ಬೆರಗಾಯಿತು. ಘಂಟಾಸುರ ಬಿದ್ದ, ಎಂದಿನಂತೆ ಮತ್ತೆ ಎದ್ದ. ಸಿದ್ರಾಮಪ್ಪನವರು ಹೆದರಲಿಲ್ಲ. ಒಂದು ಏಟು ತಲೆಗೆ ತಾಗಿದರೂ ಸಾಯಲಿಲ್ಲ. ಎಡಗಾಲು, ಏಟು, ಮತ್ತೊಂದು ಏಟು. ದೈತ್ಯ ಮಂಡಿಯೂರಿ, ಗಂಟೆಯನ್ನು ತಬ್ಬಿಕೊಂಡು, ಬೂದಿಯಾಗಿ ಉದುರಿಹೋದ.

ಅವಧೂತ ಕಾಕಾ ಸಿದ್ರಾಮಪ್ಪನವರನ್ನು ಸೊಂಟ ಹಿಡಿದು ಎತ್ತಿಬಿಟ್ಟರು. ಮಹದೇವಮ್ಮ ಖಾಲಿ ಬಟ್ಟಲಿಗೆ ಚಮಚದಿಂದ ಬಾರಿಸಿದರು.

"ಕಡೀಕ ಘುಸಿದ್ರಿ ನೋಡ್ರಿ!" ಎಂದರು ಕಾಕಾ.

"ಘುಸಿದ್ದಲ್ಲ, ಕಾಲು ನೋಡಿದ್ದು," ಎಂದರು ಮಹದೇವಮ್ಮ.

"ಯಾರದೂ ಅಲ್ಲ," ಸಿದ್ರಾಮಪ್ಪನವರು ರಿಮೋಟನ್ನು ಎದೆಗೆ ಒತ್ತಿಕೊಂಡರು. "ಇಪ್ಪತ್ತಾರು ದಿನದ ತಪಸ್ಸು ಇದು."

ಐದಕ್ಕೆ ಸರಿಯಾಗಿ ಸ್ನೇಹಲ್ ಬಂದಳು. ಗೆಲುವಿನ ಕತೆಯನ್ನು ಮೂವರು ಮೂರು ರೀತಿ ಹೇಳಿದ್ದನ್ನು ನಗುತ್ತ ಕೇಳಿ, "ಭಾಳ ಚಲೋ ಆತು ಅಪ್ಪಾ. ಡಬ್ಬಿ ನಿಮ್ಮದ," ಎಂದವಳು, ತಾಯಿಯ ಕಡೆ ತಿರುಗಿ ಮೆಲ್ಲಗೆ ಕೇಳಿದಳು: "ಅಪ್‌ಡೇಟ್ ಸರಿಯಾಗಿ ಆತಲ್ಲ, ಅವ್ವಾ?"

ಸಿದ್ರಾಮಪ್ಪನವರ ಕಿವಿ ವಯಸ್ಸಿಗೆ ಮೀರಿ ಚೆನ್ನಾಗಿತ್ತು. "ಏನು ಆತಲ್ಲ?"

ತ್ರಿವೇಣಿ ಸೆರಗು ಸರಿಮಾಡಿಕೊಂಡರು. "ನೀವು ಮಲಗಿದಾಗ ಸ್ನೇಹಲ್‌ಗ ಫೋನ್ ಮಾಡಿದ್ದೆ. ಆ ಘಂಟಾಸುರ ಭಾಳ ಕಠಿಣ ಅದಾನಂತ ಊರಮಂದಿ ದೂರು ಕೊಟ್ಟಾರಂತ. ಕಂಪನಿಯವರು ಅವನ ಜೀವಾ, ಏಟಿನ ಜೋರು ಎರಡೂ ಅರ್ಧ ಮಾಡಿ ಕಳಿಸ್ಯಾರಂತ. ಟಿವಿಯೊಳಗ ಬೇಕೋ ಬ್ಯಾಡೋ ಅಂತ ಕೇಳ್ತು, ಬೇಕು ಅಂದೆ. ನಿಮ್ಮ ಸಂಕಟ ನೋಡಲಿಕ್ಕಾಗಲಿಲ್ಲ."

ಸಿದ್ರಾಮಪ್ಪನವರ ಕೂಗಿಗೆ ಕೋಣೆ ನಡುಗಿತು.

"ಅರ್ಧ ಜೀವದಾವನ್ನ ಹೊಡದೆನೇನು ನಾನು? ರೋಗಿಷ್ಠನ್ನ? ನನ್ನ ಒಂದು ಮಾತು ಕೇಳದ? ಇದು ಗೆಲುವಲ್ಲ, ಮೋಸ! ಬರಕೊಳ್ರಿ ಎಲ್ಲಾರೂ, ನಾ ಗೆದ್ದಿಲ್ಲ!"

"ಹೋಗ್ಲಿ ಬಿಡ್ರಿ ಅಪ್ಪಾ, ಯಾರು ಕೇಳತಾರ?"

"ನಾ ಕೇಳತೀನಿ! ಕಾಕಾ, ಮಹದೇವಮ್ಮನವರ, ನೀವು ಸಾಕ್ಷಿ. ನಾ ಅವನ್ನ ಸೋಲಿಸಿಲ್ಲ, ಸೋಲಿಸಿಲ್ಲ, ಸೋಲಿಸಿಲ್ಲ!"

ತ್ರಿವೇಣಿಯ ಮುಖ ಗಂಟಿಕ್ಕಿತು. "ಕೇಳಿದ್ಯಾ ಸ್ನೇಹಲ್? ಐದು ಹೊಡದದ, ಸೋಲಿಸಿಲ್ಲಂತ ತಾವ ಹೇಳ್ಯಾರ. ತಗೊಂಡ ಹೋಗು."

"ಏ, ಹಂಗಲ್ಲ," ಸಿದ್ರಾಮಪ್ಪನವರು ತಡವರಿಸಿದರು. "ನಾ ಅಂದದ್ದು ತತ್ವದ ಮಾತು."

"ತತ್ವ ಇಲ್ಲೇ ಇರ್ಲಿ. ಡಬ್ಬಿ ಹೋಗ್ಲಿ."

ಸ್ನೇಹಲ್ ವೈರುಗಳನ್ನು ಸುತ್ತುತ್ತಿದ್ದಾಗ ಮಹದೇವಮ್ಮ ಹತ್ತಿರ ಬಂದರು. "ವಾಕಡದ ತನಕ ಯಾಕ ಹೊರತಿ, ಯವ್ವಾ? ನಿಮ್ಮ ಮನ್ಯಾಗ ಬಣ್ಣ ಇನ್ನೂ ಮುಗದಿಲ್ಲಲ್ಲ. ನಮ್ಮನ್ಯಾಗ ಇಡು. ನನಗ ಅರ್ಧ ಜೀವದಾವಾದ್ರೂ ಸಾಕು."

ಏಳು ಗಂಟೆಗೆ ಮೇಲಿನ ಮನೆಯಿಂದ ಚಪ್ಪಾಳೆ ಕೇಳಿಸಿತು. ಸಿದ್ರಾಮಪ್ಪನವರು ಹತ್ತು ನಿಮಿಷ ತಡೆದರು. ಆಮೇಲೆ ಚಪ್ಪಲಿ ಹಾಕಿಕೊಳ್ಳದೆಯೇ ಮೆಟ್ಟಿಲು ಹತ್ತಿ ಬಾಗಿಲು ತಳ್ಳಿದರು. ಅವಧೂತ ಕಾಕಾ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರುವಂತೆ ಸನ್ನೆ ಮಾಡಿದರು. ಮಹದೇವಮ್ಮ ರಿಮೋಟು ಹಿಡಿದು ಚಾಪೆಯ ಮೇಲೆ ಚಕ್ಕಳಮಕ್ಕಳ ಕೂತಿದ್ದರು. ತಿರುಗಿ ಕೂಡ ನೋಡಲಿಲ್ಲ.

"ಬರ್ರಿ, ಕುಂದರ್ರಿ. ಆದ್ರ ಮಾತಾಡಬ್ಯಾಡ್ರಿ. ಇವ ಮೂರನೇ ಕೋಟಿಯವ."

ಸಿದ್ರಾಮಪ್ಪನವರು ಎರಡನೆಯ ಕೋಟೆಯವನ ಮುಖವನ್ನೂ ಕಂಡಿರಲಿಲ್ಲ.