ಎರಡು ಬೆನ್ನುಚೀಲ, ಒಂದು ಮೊಣಕಾಲು

ನಾನು ಸುಮ್ಮನೆ ಕೂತಿದ್ದರೂ ಇಂಥವೆಲ್ಲ ನನ್ನನ್ನೇ ಹುಡುಕಿಕೊಂಡು ಬರುತ್ತವೆ. ಮನೆಯಲ್ಲಿ ಯಾರೂ ಇದನ್ನು ನಂಬುವುದಿಲ್ಲ. "ನೀನೇ ಹುಡುಕ್ಕೊಂಡು ಹೋಗ್ತೀಯ" ಅಂತಾರೆ ನಮ್ಮೆಜಮಾನ್ರು. ಹೋಗಲಿ ಬಿಡಿ, ಆದದ್ದನ್ನು ಆದ ಹಾಗೇ ಹೇಳುತ್ತೇನೆ, ತೀರ್ಮಾನ ನಿಮ್ಮದು.

ನಾನು ಮೈಸೂರಿನವಳು. ಮನೆ ಮೆಲ್ಬರ್ನ್‌ನ ವಿಂಡಮ್ ವೇಲ್‌ನಲ್ಲಿ, ಕೆಲಸ ಡಾಕ್‌ಲ್ಯಾಂಡ್ಸ್‌ನಲ್ಲಿ. ನನ್ನ ಗೆಳತಿ ಹುಬ್ಬಳ್ಳಿಯವಳು, ಇರುವುದು ಸಿಡ್ನಿಯ ಪ್ಯಾರಮಟ್ಟಾದಲ್ಲಿ. ಇಂಜಿನಿಯರಿಂಗ್ ಓದುವಾಗ ಹಾಸ್ಟೆಲಿನಲ್ಲಿ ನಾವಿಬ್ಬರೂ ಒಂದೇ ರೂಮು. ಈಗ ಇಬ್ಬರಿಗೂ ಐವತ್ತು ಹತ್ತಿರ. ಹೋದ ವರ್ಷ ಅವಳ ಬಲಗಾಲಿನ ಮೊಣಕಾಲು ಕೈಕೊಟ್ಟಿತು. ಫೆಬ್ರವರಿಯಲ್ಲಿ ಆಪರೇಷನ್ ಅಂತ ಡಾಕ್ಟರು ಹೇಳಿದ ದಿನವೇ ನನಗೆ ಫೋನ್ ಮಾಡಿದಳು.

"ಲೇ, ಆಕಾಶದಿಂದ ಹಿಮಾ ಬೀಳೋದು ನಾ ಒಮ್ಮೆನೂ ನೋಡಿಲ್ಲ. ಕಾಲು ಕೊಯ್ಸಿಕೊಳ್ಳೋದಕ್ಕಿಂತ ಮೊದಲ ನೋಡಬೇಕು. ಆಮ್ಯಾಲೆ ಈ ಕಾಲು ಏನ್ ಆಟಾ ಆಡ್ತೈತೋ ಯಾರಿಗೆ ಗೊತ್ತು?"

"ಇಲ್ಲೇ ಜುಲೈನಲ್ಲಿ ಗುಡ್ಡದ ಮೇಲೆ ಬೀಳುತ್ತಲ್ಲೇ."

"ಜುಲೈ ತನಕ ಯಾವಾಕಿ ಕಾಯ್ತಾಳ? ಯುರೋಪಿಗೆ ಹೋಗೂಣು. ಬೆನ್ನಿಗೊಂದು ಚೀಲಾ ಹಾಕ್ಕೊಂಡು, ಹುಡುಗೂರು ಹೋಗ್ತಾವಲ್ಲ, ಹಂಗ."

"ಮೊಣಕಾಲು ಸರಿಯಿಲ್ಲದೋಳಿಗೆ ಬೆನ್ನುಚೀಲ ಯಾಕೆ ಮಾರಾಯ್ತಿ?"

"ನೋವು ಕಾಲಿಗೆ ಐತಿ, ಬೆನ್ನಿಗಲ್ಲ" ಅಂದಳು. ಅಲ್ಲಿಗೆ ಮಾತು ಮುಗಿಯಿತು.

ಬಿಸಿಲಿನಲ್ಲಿ ರಿಹರ್ಸಲ್

ಡಿಸೆಂಬರ್ ಅಂದರೆ ಮೆಲ್ಬರ್ನ್‌ನಲ್ಲಿ ಸುಡು ಬೇಸಿಗೆ. ಉಲ್ಲನ್ ಸಾಕ್ಸ್ ಕೇಳಿದರೆ ಅಂಗಡಿಯ ಹುಡುಗಿ ಈಜುಡುಗೆ ತೋರಿಸುತ್ತಾಳೆ. ಹಳೇ ಕೋಟೊಂದನ್ನು ಅಟ್ಟದಿಂದ ಇಳಿಸಿದೆ. ಚೀಲ ಹೊತ್ತು ನಡೆಯುವ ಅಭ್ಯಾಸ ಆಗಬೇಕಲ್ಲ? ಅದರೊಳಗೆ ಹತ್ತು ಕಿಲೋ ಸೋನಾಮಸೂರಿ ಇಟ್ಟೆ. ಕೋಟು ಹಾಕಿಕೊಂಡು ನಡೆದರೆ ಹೇಗಿರುತ್ತೋ ನೋಡೇಬಿಡೋಣ ಅನ್ನಿಸಿ ಅದನ್ನೂ ಏರಿಸಿಕೊಂಡು, ಟೋಪಿ ಮಫ್ಲರ್ ಸಮೇತ ನಮ್ಮ ಬಡಾವಣೆಯ ಸುತ್ತ ಹೊರಟೆ. ಹೊರಗೆ ಮೂವತ್ತೆಂಟು ಡಿಗ್ರಿ. ಮಗಳು ಬಾಗಿಲಲ್ಲೇ ನಿಂತು "ಅಮ್ಮಾ, ಪ್ಲೀಸ್, ಪೀಪಲ್ ಆರ್ ಲುಕಿಂಗ್" ಅಂದು ಬಾಗಿಲು ಹಾಕಿಕೊಂಡಳು.

ಮೂಲೆಮನೆಯ ಆಸ್ಟ್ರೇಲಿಯನ್ ಅಜ್ಜ ಹುಲ್ಲಿಗೆ ನೀರು ಬಿಡುತ್ತಿದ್ದ. ನನ್ನನ್ನು ನೋಡಿ ಪೈಪ್ ಕೆಳಗಿಟ್ಟ.

"ಆರ್ ಯೂ ಆಲ್‌ರೈಟ್, ಲವ್? ಮನೇಲೇನಾದರೂ ಜಗಳವಾ?"

"ಇಲ್ಲ ಇಲ್ಲ. ಮುಂದಿನ ವಾರ ಯುರೋಪಿಗೆ ಹೋಗ್ತಿದ್ದೀನಿ. ಪ್ರಾಕ್ಟೀಸ್" ಅಂದೆ, ಬೆವರು ಒರೆಸಿಕೊಳ್ಳುತ್ತಾ.

ಅಜ್ಜ ರಸ್ತೆಯ ಆ ತುದಿ ನೋಡಿದ, ಈ ತುದಿ ನೋಡಿದ. ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದ: "ನಡ್ಕೊಂಡೇ ಹೋಗ್ತೀರಾ?"

ತಪ್ಪೊಪ್ಪಿಗೆ

ಆಸ್ಟ್ರೇಲಿಯಾದಲ್ಲಿ ಹದಿನಾಲ್ಕು ವರ್ಷ ಇದ್ದರೆ ಒಂದು ಭಯ ಮೈಗೆ ಹತ್ತಿಬಿಡುತ್ತೆ. ವಿಮಾನ ಇಳಿದ ಮೇಲೆ ಬ್ಯಾಗಿನಲ್ಲಿ ತಿನ್ನುವ ಪದಾರ್ಥ ಏನೇ ಇರಲಿ, ಒಂದೇ ಒಂದು ಒಣಮೆಣಸಿನಕಾಯಿ ಇರಲಿ, ಅಧಿಕಾರಿಗಳ ಮುಂದೆ ಡಿಕ್ಲೇರ್ ಮಾಡಲೇಬೇಕು. ಇಲ್ಲದಿದ್ದರೆ ದಂಡ ಕಟ್ಟು, ನಾಯಿ ಬಂದು ಮೂಸುತ್ತೆ, ಎಲ್ಲರೂ ನೋಡುತ್ತಾರೆ.

ವಿಯೆನ್ನಾದಲ್ಲಿ ಇಳಿದೆವು. ಜನ ಡಿಕ್ಲೇರ್ ಮಾಡಲು ಏನೂ ಇಲ್ಲದವರ ಹಸಿರು ಬಾಗಿಲಿನಲ್ಲಿ ತಮ್ಮ ಪಾಡಿಗೆ ತಾವು ಹೊರಟುಹೋಗುತ್ತಿದ್ದರು. ಫಾರಂ ಇಲ್ಲ, ನಾಯಿ ಇಲ್ಲ. ನಮಗೆ ಕೈಕಾಲೇ ಆಡಲಿಲ್ಲ. "ಹಿಂಗ ಹ್ಯಾಂಗ ಹೋಗೋದು? ಯಾರಿಗರ ಹೇಳೇ ಹೋಗೂಣು" ಅಂದಳು ಗೆಳತಿ. ಹುಡುಕಿಕೊಂಡು ಹೋಗಿ ಕೆಂಪು ಬಾಗಿಲು ತಳ್ಳಿದೆವು. ಒಳಗೆ ಅಧಿಕಾರಿಯೊಬ್ಬ ಒಬ್ಬನೇ ಕಾಫಿ ಕುಡಿಯುತ್ತಿದ್ದ. ನಮ್ಮನ್ನು ನೋಡಿ ಎದ್ದೇ ನಿಂತ. ಪಾಪ, ಆ ಬಾಗಿಲಿನಿಂದ ತಾವಾಗೇ ಬಂದವರನ್ನು ನೋಡಿ ಎಷ್ಟು ಕಾಲವಾಗಿತ್ತೋ.

ಗೆಳತಿ ಮೇಜಿನ ಮೇಲೆ ಒಂದೊಂದೇ ಇಟ್ಟಳು. ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಕಡಕ್ ರೊಟ್ಟಿ. ನಾನು ಕೋಡುಬಳೆ, ಪುಳಿಯೋಗರೆ ಗೊಜ್ಜು ಇಟ್ಟೆ.

"ಮಾಂಸ ಇದೆಯಾ?"

"ಇಲ್ಲ."

"ಹಾಲು, ಚೀಸು?"

"ಇಲ್ಲ."

"ಮತ್ತೆ ಯಾಕೆ ಬಂದಿರಿ?"

"ಸುಮ್ಮನೆ, ಹೇಳಿಹೋಗೋಣ ಅಂತ" ಅಂದೆ.

ಆತ ರೊಟ್ಟಿಯೊಂದನ್ನು ಎತ್ತಿ, ಬೆಳಕಿಗೆ ಹಿಡಿದು, ಬೆರಳಿನಿಂದ ಟಕಟಕ ತಟ್ಟಿದ. "ಇದೇನು?"

"ನಮ್ಮ ಬ್ರೆಡ್" ಅಂದಳು ಗೆಳತಿ ಹೆಮ್ಮೆಯಿಂದ.

"ಯಾವಾಗಿನದು?"

"ಹೋದ ತಿಂಗಳದ್ದು."

ಆತನ ಮನಸ್ಸು ಕರಗಿತು. ಎಲ್ಲವನ್ನೂ ತಾನೇ ವಾಪಸ್ ಚೀಲಕ್ಕೆ ತುಂಬಿ, ಬಾಗಿಲತನಕ ಬಂದು, ದನಿ ತಗ್ಗಿಸಿ ಹೇಳಿದ: "ಚಿಂತೆ ಮಾಡಬೇಡಿ. ಊರಿನಲ್ಲಿ ಒಳ್ಳೊಳ್ಳೆ ಬೇಕರಿಗಳಿವೆ."

ನಿನ್ನೆ ಬಿದ್ದಿತ್ತು

ಕ್ರಿಸ್‌ಮಸ್ ಕಾರ್ಡುಗಳಲ್ಲಿ ಯಾಕೆ ಅಷ್ಟು ಹಿಮ ಇರುತ್ತೆ ಅನ್ನೋದು ಮೆಲ್ಬರ್ನ್‌ನಲ್ಲಿ ಬೆವರು ಸುರಿಸುವ ನನಗೆ ಯಾವಾಗಲೂ ಒಂದು ಕುತೂಹಲ. ಇಲ್ಲಿ ಬಂದು ನೋಡಿದರೆ ಚಳಿ ಉಂಟು, ಸಂಜೆ ನಾಲ್ಕಕ್ಕೇ ಕತ್ತಲು ಉಂಟು, ಹಿಮ ಮಾತ್ರ ಇಲ್ಲ. ವಿಯೆನ್ನಾದಲ್ಲಿ ಕೇಳಿದರೆ "ನಿನ್ನೆ ಬಿದ್ದಿತ್ತು" ಅಂದರು. ಪ್ರಾಗ್‌ಗೆ ಹೋದರೆ ಅಲ್ಲಿಯೂ "ಅಯ್ಯೋ, ನಿನ್ನೆ ಬರಬೇಕಿತ್ತು" ಅಂದರು. ಗೆಳತಿಗೆ ರೇಗಿಹೋಯಿತು. "ಈ ಮಂದಿ ಎಲ್ಲಾರೂ ಕೂಡಿ ನನ್ನ ಮ್ಯಾಲೆ ಸೇಡು ತೀರಿಸ್ಕೊಳ್ಳಾಕ ಹತ್ಯಾರ."

ಪ್ರಾಗ್‌ನ ಒಂದು ರಸ್ತೆ ಮೂಲೆಯಲ್ಲಿ ಬೆಳ್ಳನೆಯ ಗುಡ್ಡೆ ಕಂಡಿತು, ಸೊಂಟದೆತ್ತರ. "ಯವ್ವಾ! ಬಿದ್ದದ್ದರ ಸಿಕ್ತಲ್ಲ!" ಅಂತ ಕುಂಟುತ್ತಲೇ ಓಡಿದಳು. ಬೊಗಸೆಯಲ್ಲಿ ತುಂಬಿಕೊಂಡು ನಿಂತಳು, ನಾನು ಹನ್ನೆರಡು ಫೋಟೋ ತೆಗೆದೆ. ಆ ಕ್ಷಣವೇ ಅದು ಪ್ಯಾರಮಟ್ಟಾದ ಕನ್ನಡದವರ ವಾಟ್ಸ್ಯಾಪ್ ಗ್ರೂಪಿಗೆ ಹೋಯಿತು. ಅಷ್ಟರಲ್ಲಿ ಕಿತ್ತಳೆ ಅಂಗಿಯವನೊಬ್ಬ ಸಲಿಕೆ ಹಿಡಿದು ಬಂದು, ಆ ಗುಡ್ಡೆಯಿಂದ ತೆಗೆತೆಗೆದು ಫುಟ್‌ಪಾತಿಗೆ ಎರಚತೊಡಗಿದ. ನಮಗೆ ಅನುಮಾನ ಬಂತು. ಗೆಳತಿ ಬೆರಳ ತುದಿ ನಾಲಿಗೆಗೆ ಮುಟ್ಟಿಸಿದಳು. ಜನ ಜಾರದಿರಲಿ ಅಂತ ಹಾಕುವ ಉಪ್ಪು!

ಗ್ರೂಪಿನಲ್ಲಿ ಆಗಲೇ ಹೂವು, ಚಪ್ಪಾಳೆ, ನಮಸ್ಕಾರದ ಇಮೋಜಿಗಳ ಸುರಿಮಳೆ. ಒಬ್ಬರು ಅಂಕಲ್ ಕೇಳಿದ್ದರು: "ಕೈಯಲ್ಲಿ ಹಿಡಿದಾಗ ಹೇಗನಿಸಿತಮ್ಮಾ?"

"ಈಗ ಏನಂತ ಬರೀಲೇ?" ಅಂತ ಅಳುಮೋರೆ ಮಾಡಿದಳು.

"ರುಚಿಯಾಗಿತ್ತು ಅಂತ ಬರಿ" ಅಂದೆ.

ಸ್ವಂತ ಕಾಲ ಮೇಲೆ ನಿಂತ ಪ್ಯಾಂಟು

ಕೊನೆಯ ಊರು ಬುಡಾಪೆಸ್ಟ್. ನಾವು ಇಳಿದುಕೊಂಡಿದ್ದ ಪ್ರವಾಸಿಗರ ಹಾಸ್ಟೆಲ್ ಹಳೇ ಕಟ್ಟಡದ ಮೂರನೇ ಮಹಡಿಯಲ್ಲಿ. ನಡುವೆ ಅಂಗಳ, ಸುತ್ತ ಕಂಬಿ ಹಾಕಿದ ತೆರೆದ ಮೊಗಸಾಲೆ, ಅಂಗಳದಿಂದಲೇ ಏರುವ ಮೆಟ್ಟಿಲು. ಲಿಫ್ಟ್ ಇಲ್ಲ. ಗೆಳತಿ ಒಂದೊಂದು ಮಹಡಿಗೂ ಕೂತು, ಮೊಣಕಾಲು ನೀವಿಕೊಂಡು, ಬೈದು, ಮತ್ತೆ ಎದ್ದು ಹತ್ತುತ್ತಿದ್ದಳು. ಹದಿನೈದು ನಿಮಿಷದ ಬಾಬತ್ತು. ಹಾಗೆ ಕೂತಾಗಲೆಲ್ಲ ಆಕಾಶ ನೋಡುತ್ತಿದ್ದಳು. ಇನ್ನು ಎರಡೇ ದಿನ ಉಳಿದಿತ್ತು.

ಕೆಳಗೆ ಬಟ್ಟೆ ಒಣಗಿಸುವ ಮಷಿನ್ ಇದೆ ಅಂತ ರಿಸೆಪ್ಷನ್ನಿನ ಹುಡುಗಿ ಎರಡು ಸಲ ಹೇಳಿದಳು. ಇವಳು ಕೇಳಬೇಕಲ್ಲ! "ಬಿಸಲು ಐತಿ. ಬಿಸಲಿದ್ದಾಗ ಮಷಿನ್ಯಾಗ ಬಟ್ಟಿ ಹಾಕೋದು ಪಾಪ" ಅಂತ ಕಂಬಿಯ ಮೇಲೆ ಒಗೆದದ್ದನ್ನೆಲ್ಲ ಹರವಿದಳು. ಬಿಸಿಲೇನೋ ಇತ್ತು, ಮೈನಸ್ ನಾಲ್ಕು ಡಿಗ್ರಿಯ ಬಿಸಿಲು. ಸಂಜೆ ತೆಗೆಯಲು ಹೋದರೆ ಬಟ್ಟೆಯೆಲ್ಲ ಹಲಗೆ. ಚೂಡಿದಾರದ ಪ್ಯಾಂಟನ್ನು ಎತ್ತಿ ತಂದು ಗೋಡೆಗೆ ಆನಿಸಿದಳು. ಅದು ನೆಟ್ಟಗೆ ನಿಂತಿತು.

ಇಬ್ಬರೂ ಅದನ್ನೇ ನೋಡುತ್ತಾ ಕೂತೆವು.

"ನೋಡಲೇ" ಅಂದಳು ಗೆಳತಿ ನಿಟ್ಟುಸಿರು ಬಿಟ್ಟು, "ನನ್ನ ಮೊಣಕಾಲಿಗಿಂತ ಇದರ ಮೊಣಕಾಲು ಗಟ್ಟಿ ಐತಿ."

ಮೂರು ಮಹಡಿ

ಕರಗಿದ ಮೇಲೆ ಬಟ್ಟೆ ಒದ್ದೆಯಾಗೇ ಉಳಿಯಿತು. ಹೊರಡುವ ದಿನ ಬೆಳಗ್ಗೆ ಮತ್ತೆ ಸ್ವಲ್ಪ ಬಿಸಿಲು ಕಂಡಿತು, ಮತ್ತೆ ಹರವಿದಳು. ಎಷ್ಟು ಬಡ್ಕೊಂಡರೂ ಕೇಳಲಿಲ್ಲ. ವಿಮಾನ ನಿಲ್ದಾಣದ ಬಸ್ಸಿಗೆ ಇನ್ನೊಂದು ಗಂಟೆ ಇತ್ತು. ಚಹಾ ಕುಡಿದು ಬಂದು ಅಂಗಳದಲ್ಲಿ ನಿಂತಿದ್ದೆವು. ಬಿಸಿಲು ಹೋಗಿ ಮೋಡ ಕವಿದಿತ್ತು. ಗೆಳತಿ ಒಂದು ಸಲ ಮೇಲೆ ನೋಡಿದಳು. "ಮುಗೀತು ಬಿಡಲೇ. ನನ್ನ ಹಣೇಬರಹದಾಗ ಉಪ್ಪೇ ಇತ್ತು" ಅಂದಳು. ಅವಳ ಕಣ್ಣು ತುಂಬಿತ್ತು.

ಆಗ ಅವಳ ಮೂಗಿನ ಮೇಲೆ ಏನೋ ಬಿಳಿ ಚೂರು ಬಿತ್ತು. ಇನ್ನೊಂದು ನನ್ನ ತೋಳಿನ ಮೇಲೆ. ತಲೆ ಎತ್ತಿದರೆ ಆಕಾಶದಿಂದ ಸದ್ದಿಲ್ಲದೆ ಇಳಿಯುತ್ತಿದೆ, ಹಿಮ! ಅವಳ ಮುಖ ಹಿಡಿಯಬೇಕು ಅಂತ ಗಡಬಡಿಸಿ ಫೋನ್ ತೆಗೆದು ವಿಡಿಯೋ ಒತ್ತಿದೆ. ಅವಳು ಬಾಯಿ ತೆರೆದಳು. ಜೀವನದ ಮೊದಲ ಹಿಮ ನೋಡಿ ಏನು ಹೇಳುತ್ತಾಳೋ ಅಂತ ಉಸಿರು ಬಿಗಿಹಿಡಿದು ನಿಂತೆ.

"ಅಯ್ಯ, ಬಟ್ಟೀ!"

ಅಷ್ಟೇ. ಮೆಟ್ಟಿಲು ಹತ್ತಿ ಓಡಿದಳು. ಒಂದನೇ ಮಹಡಿ, ಎರಡನೇ ಮಹಡಿ, ಎಲ್ಲೂ ಕೂರಲಿಲ್ಲ. ಮೂರನೇ ಮಹಡಿಯ ಮೊಗಸಾಲೆಯಲ್ಲಿ ಈ ತುದಿಯಿಂದ ಆ ತುದಿಗೆ ಓಡುತ್ತಾ ಕಂಬಿಯ ಮೇಲಿದ್ದುದನ್ನೆಲ್ಲ ಬಾಚಿಕೊಂಡಳು. "ಬಟ್ಟೆ ಹಾಳಾಗ್ಲಿ, ಬಾರೇ, ಹಿಮ ನಿಂತುಬಿಡುತ್ತೆ!" ಅಂತ ನಾನು ಫೋನನ್ನು ಅವಳ ಕಡೆಗೇ ಹಿಡಿದು ಕೆಳಗಿನಿಂದ ಕಿರುಚುತ್ತಿದ್ದೆ. ಧಡಧಡ ಇಳಿದು ಬಂದಳು. ಇನ್ನೂ ಬೀಳುತ್ತಿತ್ತು. ಪ್ಯಾಂಟು, ಟವೆಲ್ಲು, ಲಂಗ ಎಲ್ಲ ಎದೆಗವಚಿಕೊಂಡು ಅಂಗಳದ ನಡುವೆ ನಿಂತು ಮುಖ ಮೇಲೆತ್ತಿದಳು. ತಲೆಗೂದಲೆಲ್ಲ ಬೆಳ್ಳಗಾಯಿತು. ಆಮೇಲೆ ಅತ್ತಳು, ನಾನೂ ಅತ್ತೆ. ರಿಸೆಪ್ಷನ್ನಿನ ಹುಡುಗಿ ಗಾಬರಿಯಾಗಿ ಬಂದು, ಮಷಿನ್ ಕೆಟ್ಟಿದೆಯಾ ಅಂತ ಕೇಳಿದಳು.

ಫೆಬ್ರವರಿ ಮೊದಲ ವಾರ ನಾನು ಡಾಕ್‌ಲ್ಯಾಂಡ್ಸ್‌ನಲ್ಲಿ ಟ್ರಾಮ್ ಇಳಿಯುತ್ತಿರುವಾಗ ಅವಳ ಫೋನ್ ಬಂತು. ಡಾಕ್ಟರಿಗೆ ಹಿಮ ತೋರಿಸೋಣ ಅಂತ ಆ ವಿಡಿಯೋ ಹಾಕಿದ್ದಳಂತೆ. ಅವರು ಹಿಮದ ಕಡೆ ನೋಡಲೇ ಇಲ್ಲವಂತೆ. ಓಡಿದ ಭಾಗವನ್ನೇ ಮೂರು ಸಲ ಹಿಂದೆ ಹಾಕಿ ನೋಡಿ, "ಇದು ಇದೇ ಮೊಣಕಾಲಾ?" ಅಂತ ಕೇಳಿದರಂತೆ. ಮತ್ತೆ ಪರೀಕ್ಷೆ ಮಾಡಿಸಿ, ಸದ್ಯಕ್ಕೆ ಆಪರೇಷನ್ ಬೇಡ, ವ್ಯಾಯಾಮ ಮಾಡಿ, ಒಂದು ವರ್ಷ ನೋಡೋಣ ಅಂದರಂತೆ.

"ನಿಜವಾಗ್ಲೂ?" ಅಂತ ಟ್ರಾಮ್ ಸ್ಟಾಪಿನಲ್ಲೇ ಕೂಗಿದೆ. ಕಣ್ಣಲ್ಲಿ ನೀರು ಬಂತು. "ಈಗೇನು ಮಾಡ್ತೀಯೇ?"

"ಮಾಡೋದೇನೈತಿ?" ಅಂದಳು. "ಮುಂದಿನ ವರ್ಷ ಯಾವ ಊರಾಗ ಬಟ್ಟಿ ಒಣಗಸೂಣು, ಹೇಳು."