ಹನ್ನೆರಡು ಒಲೆಗಳ ವೇಳಾಪಟ್ಟಿ

ಕಟ್ಟಡಗಳಲ್ಲಿ ಗ್ಯಾಸ್ ಒಲೆ ಹೋಗಿ ಕರೆಂಟ್ ಒಲೆ ಬರಬೇಕೆಂದೂ, ಈ ಮಹತ್ಕಾರ್ಯದಲ್ಲಿ ವಿದ್ಯುತ್ ಕಂಪನಿಯೂ ಕಟ್ಟಡದ ಮಾಲೀಕರೂ ಕೈ ಜೋಡಿಸಬೇಕೆಂದೂ ತೀರ್ಮಾನವಾಗಿ, ಅದಕ್ಕೊಂದು ಸಹಕಾರ ವಿಭಾಗವನ್ನು ತೆರೆಯಲಾಯಿತು. ವಿಭಾಗದ ಮೊದಲ ನಿಯಮದಂತೆ, ಗ್ಯಾಸ್ ಪೈಪನ್ನು ಕಿತ್ತ ಮೇಲೆಯೇ ಹೆಚ್ಚುವರಿ ವಿದ್ಯುತ್ತಿಗೆ ಅರ್ಜಿ ಹಾಕತಕ್ಕದ್ದು. ಮಾಲೀಕರು ಯೋಜನೆಯನ್ನು ನಡುನೀರಿನಲ್ಲಿ ಕೈಬಿಡಬಾರದೆಂಬ ಮುಂದಾಲೋಚನೆ ಇದು.

ಹನ್ನೆರಡು ಮನೆಗಳ ಕಟ್ಟಡವೊಂದರ ಒಡತಿ ನಿವೃತ್ತ ಶಿಕ್ಷಕಿ. ಬಾಡಿಗೆದಾರರೆಲ್ಲ ಟೀಚರಮ್ಮ ಅನ್ನುತ್ತಿದ್ದರು. ಮಕ್ಕಳಿಗೆ ನಿಯಮ ಹೇಳಿಕೊಟ್ಟವರು ತಾವೇ ಮುರಿದಾರೆಯೇ? ಪೈಪು ಕೀಳಿಸಿದರು, ಒಲೆಗಳನ್ನು ತರಿಸಿದರು, ಅರ್ಜಿ ಹಾಕಿದರು. ಮೊದಲ ದಿನ ಮೂರನೆಯ ಒಲೆಯ ಸ್ವಿಚ್ ಒತ್ತುತ್ತಲೇ ಇಡೀ ಕಟ್ಟಡದ ಫ್ಯೂಸ್ ಹೋಯಿತು.

ಅವರ ಗಂಡ ಆಸ್ಪತ್ರೆಯಿಂದ ಬಂದು ವಾರವಾಗಿತ್ತಷ್ಟೆ. ಹೊತ್ತುಹೊತ್ತಿಗೆ ಬಿಸಿ ಊಟ ಕೊಡಲೇಬೇಕೆಂದು ಡಾಕ್ಟರು ತಾಕೀತು ಮಾಡಿದ್ದರು. ಒಣ ಬ್ರೆಡ್ಡನ್ನು ಪಕ್ಕಕ್ಕೆ ಸರಿಸಿ ಅವರು ಗೋಡೆ ನೋಡುತ್ತ ಕೂತಾಗ ಟೀಚರಮ್ಮ ಅರ್ಜಿಯ ನಕಲನ್ನು ಕೈಗೆತ್ತಿಕೊಂಡರು. ನೇರ ಕಂಪನಿಗೆ ಹೋದರು.

ಸಮನ್ವಯಾಧಿಕಾರಿ ಎದ್ದು ನಿಂತು ಕುರ್ಚಿ ತೋರಿಸಿದರು.

"ಹೆಚ್ಚು ಕರೆಂಟ್ ಬೇಕು ಅಂತೀರಿ ಮೇಡಂ. ಮೀಟರ್ ನೋಡಿದ್ರೆ ನೀವು ಬಳಸ್ತಾನೇ ಇಲ್ಲ."

"ಬಳಸೋಕೆ ಹೋದ್ರೆ ಫ್ಯೂಸ್ ಹೋಗುತ್ತಲ್ಲ ಸಾರ್!"

"ಅದೇ ಹೇಳ್ತಿರೋದು, ಬಳಕೆ ಕಡಿಮೆ. ಒಂದು ಕೆಲಸ ಮಾಡಿ, ನಿಮ್ಮ ಕಷ್ಟ ಕಾಗದದಲ್ಲಿ ಬರಲಿ. ಕಾಗದದಲ್ಲಿರೋ ಕಷ್ಟನ ನಾವು ಯಾವತ್ತೂ ಕಡೆಗಣಿಸಿಲ್ಲ."

ಕಾಗದದ ಕೆಲಸ ಟೀಚರಮ್ಮನಿಗೆ ನೀರು ಕುಡಿದಷ್ಟು ಸುಲಭ. ಇಡೀ ಶಾಲೆಯ ವೇಳಾಪಟ್ಟಿ ಬರೆದ ಕೈ ಅದು. ಕೆಂಪು ಗೆರೆ ಎಳೆದು ಮಧ್ಯಾಹ್ನದ ಅಡುಗೆಯನ್ನು ಹಂಚಿದರು: ಒಮ್ಮೆಗೆ ಎರಡೇ ಒಲೆ, ಮನೆಗೆ ನಲವತ್ತು ನಿಮಿಷ. ಶುರು ಹನ್ನೊಂದೂ ನಲವತ್ತಕ್ಕೆ. ಮಕ್ಕಳಿರುವ ಮನೆಗಳು ಮೊದಲು. ಒಡತಿಯೇ ಮುಂದೆ ನಿಂತರೆ ಚೆನ್ನಾಗಿರುವುದಿಲ್ಲವೆಂದು ತಮ್ಮ ಸರದಿಯನ್ನು ಕೊನೆಗೆ, ಮೂರು ಗಂಟೆಗೆ ಇಟ್ಟುಕೊಂಡರು. ಪಟ್ಟಿಯ ಒಂದು ಪ್ರತಿಯನ್ನು ಕಂಪನಿಗೆ ಕೊಟ್ಟರು.

ತಿಂಗಳ ಮೇಲೆ ಅಧಿಕಾರಿ ಪರಿಶೀಲನೆಗೆ ಬಂದು, ಮೆಟ್ಟಿಲ ಬಳಿ ಅಂಟಿಸಿದ್ದ ಪಟ್ಟಿಯನ್ನು ಎರಡು ಸಲ ಓದಿದರು.

"ನೋಡಿ ಸಾರ್ ನಮ್ಮ ಪಾಡು. ನಮ್ಮನೆಯವರಿಗೆ ಊಟ ಸಿಗೋದು ಮೂರೂ ನಲವತ್ತಕ್ಕೆ."

"ಈ ಪಟ್ಟಿ ಒಂದು ದಿನಾನೂ ತಪ್ಪಿಲ್ವಾ?"

"ಒಂದು ನಿಮಿಷಾನೂ ತಪ್ಪಿಲ್ಲ," ಎಂದುಬಿಟ್ಟರು ಟೀಚರಮ್ಮ. ತಮ್ಮ ವೇಳಾಪಟ್ಟಿ ತಪ್ಪಿತೆಂದು ಸುಳ್ಳು ಹೇಳಲು ಅವರಿಗೆ ನಾಲಿಗೆ ಹೊರಳಲಿಲ್ಲ.

ವಾರದಲ್ಲಿ ಆದೇಶ ಬಂತು: "ಸದರಿ ಕಟ್ಟಡದ ಹನ್ನೆರಡೂ ಒಲೆಗಳು ಹಾಲಿ ವಿದ್ಯುತ್ತಿನಲ್ಲೇ ಸುಸೂತ್ರವಾಗಿ ನಡೆಯುತ್ತಿರುವುದು ದೃಢಪಟ್ಟಿದೆ. ಹೆಚ್ಚುವರಿ ವಿದ್ಯುತ್ತಿನ ಅವಶ್ಯಕತೆ ಕಂಡುಬಂದಿರುವುದಿಲ್ಲ. ಅರ್ಜಿಯನ್ನು ಅಭಿನಂದನೆಗಳೊಂದಿಗೆ ತಿರಸ್ಕರಿಸಲಾಗಿದೆ."

ಜೊತೆಗೆ 'ಮಾದರಿ ಕಟ್ಟಡ' ಎಂಬ ಹಿತ್ತಾಳೆ ಫಲಕವೂ ಬಂತು. ಹೆಚ್ಚು ಕರೆಂಟ್ ಕೊಡಲು ಆ ಬೀದಿಗೆಂದು ತಂದಿದ್ದ ದಪ್ಪ ಕೇಬಲ್ ಕಂಪನಿಯ ಹೊಸ ಅತಿಥಿಗೃಹಕ್ಕೆ ಹೋಯಿತು. ಅಲ್ಲಿನ ಅತಿಥಿಗಳಿಗೆ ಸರದಿ ಕಾಯುವ ಅಭ್ಯಾಸವಿರಲಿಲ್ಲ. ಅಕ್ಕಪಕ್ಕದ ಮಾಲೀಕರು ಪಟ್ಟಿಯ ನಕಲಿಗೆ ಸಾಲುಗಟ್ಟಿದರು. ಟೀಚರಮ್ಮ ಬೇಸರಿಸದೆ ಎಲ್ಲರಿಗೂ ಗೆರೆ ಎಳೆದುಕೊಟ್ಟರು.

ಒಂದು ದಿನ ಎರಡನೆಯ ಮಹಡಿಯ ಟೈಲರ್ ಊರಿಗೆ ಹೊರಟವನು, "ನನ್ನ ಒಂದು ಗಂಟೆ ಸರದಿ ನೀವೇ ತಗೊಳ್ಳಿ ಟೀಚರಮ್ಮ," ಎಂದ. ಅವರಿಗೆ ಹಿಗ್ಗೋ ಹಿಗ್ಗು. ಲಗುಬಗೆಯಿಂದ ಅಡುಗೆ ಮಾಡಿ, ಒಂದೂ ನಲವತ್ತಕ್ಕೆ ಹಬೆಯಾಡುವ ತಟ್ಟೆಯನ್ನು ಗಂಡನ ಮುಂದಿಟ್ಟರು.

ಗಂಡ ಗಡಿಯಾರ ನೋಡಿದರು, ಹೆಂಡತಿಯನ್ನು ನೋಡಿದರು.

"ಏನೇ ಇದು? ನಮ್ಮ ಸರದಿ ಇನ್ನೂ ಬಂದಿಲ್ವಲ್ಲ!"

ಟೀಚರಮ್ಮನಿಗೂ ಹೌದೆನ್ನಿಸಿತು. ತಟ್ಟೆ ಮುಚ್ಚಿಟ್ಟರು. ಮೂರೂ ನಲವತ್ತಕ್ಕೆ ಇಬ್ಬರೂ ಕೂತು, ತಣ್ಣಗಾಗಿದ್ದ ಊಟವನ್ನು ಹೊಟ್ಟೆ ತುಂಬ ಉಂಡರು.