ಮಾವನ ಕೋರ್ಟಿನಲ್ಲಿ ಪಿಂಟೋ ಖಲಾಸ್

ಸತ್ಯ ಹೇಳಿದರೆ ಯಾರಿಗೂ ಕೇಡಾಗುವುದಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ನಮ್ಮ ಮಾವ ಕುವೈತಿಗೆ ಬಂದುಹೋದ ಮೇಲೆ ಆ ನಂಬಿಕೆ ಸ್ವಲ್ಪ ಸಡಿಲವಾಗಿದೆ. ಮಾವ ನಿವೃತ್ತ ಸೆಷನ್ಸ್ ಜಡ್ಜ್. ಮುನ್ಸೀಫರಾಗಿ ಸೇರಿ, ಊರಿಂದೂರಿಗೆ ವರ್ಗವಾಗುತ್ತ, ಕೊಲೆ ದರೋಡೆ ಕೇಸುಗಳನ್ನೇ ಕೇಳಿ ಕೇಳಿ ತಲೆ ಬೆಳ್ಳಗೆ ಮಾಡಿಕೊಂಡವರು. ಯಾರ ಮದುವೆಗೂ ಹೋದವರಲ್ಲ. ಊಟ ಹಾಕಿದವನೇ ನಾಳೆ ಕಟಕಟೆಯಲ್ಲಿ ಬಂದು ನಿಂತರೆ ಎಂಬ ಭಯ. ದೊಡ್ಡ ಶಿಕ್ಷೆ ಬರೆಯುವ ದಿನ ತಿಂಡಿ ಮುಟ್ಟುತ್ತಿರಲಿಲ್ಲವಂತೆ. ನಮ್ಮ ಅತ್ತೆ, ದೇವರು ಅವರ ಆತ್ಮಕ್ಕೆ ಶಾಂತಿ ಕೊಡಲಿ, ತಟ್ಟೆ ನೋಡಿಯೇ ತೀರ್ಪು ತಿಳಿದುಕೊಳ್ಳುತ್ತಿದ್ದರಂತೆ. ಮನೆಯಲ್ಲೂ ಅದೇ ಕ್ರಮ. ಸಾರಿಗೆ ಉಪ್ಪು ಹೆಚ್ಚಾದರೂ ನನ್ನ ವಾದ ಪೂರ್ತಿ ಕೇಳಿಯೇ ಬೈಯುವುದು. ಮೇಲಿನ ಕೋರ್ಟಿಗೆ ಹೋಗುವ ದಾರಿ ಮಾತ್ರ ನನಗಿರಲಿಲ್ಲ.

ಕುವೈತಿನ ರಿಗ್ಗೈ ಬಡಾವಣೆಯ ನಮ್ಮ ಫ್ಲ್ಯಾಟಿಗೆ ನನ್ನ ಗಂಡನ ಸ್ನೇಹಿತ ಪಿಂಟೋ ದಿನಾ ಊಟಕ್ಕೆ ಬರುತ್ತಿದ್ದ. ಅವನ ಹೆಂಡತಿ ಊರಿನಲ್ಲಿ. ಅವಳ ವೀಸಾಕ್ಕೆ ಇವರೇ ಓಡಾಡುತ್ತಿದ್ದರು, ಕೆಲಸ ಮುಂದೆ ಸರಿಯುತ್ತಿರಲಿಲ್ಲ. ಹಸಿದವರಿಗೆ ಬಡಿಸುವುದು ಪುಣ್ಯವೇ, ಆದರೆ ಈ ಹಸಿದವನು ಅಂಜಲ್ ಮೀನಿನ ನಡು ತುಂಡನ್ನೇ ಆರಿಸುತ್ತಿದ್ದ. ಹಾಗಾಗಿ "ಮೊದಲು ಪಿಂಟೋನದ್ದು ಖಲಾಸ್ ಮಾಡಿ" ಎಂದು ಇವರ ಬೆನ್ನು ಹತ್ತಿದ್ದೆ. ಇಲ್ಲಿ ಖಲಾಸ್ ಎಂದರೆ ಆಯಿತು, ಮುಗಿಯಿತು, ಅಷ್ಟೆ. ಬಂದ ಹೊಸತರಲ್ಲೇ ನಾಲಿಗೆಗೆ ಅಂಟಿಕೊಳ್ಳುವ ಅರಬಿ ಮಾತು. ಮಾವ ಕೇಳಿದ ಕೊಲೆ ಕೇಸುಗಳಲ್ಲಿ ಅದಕ್ಕೆ ಬೇರೆಯೇ ಅರ್ಥ ಎಂಬುದು ನನಗೆ ಹೊಳೆಯಲೇ ಇಲ್ಲ.

ಮಾವ ಬಂದಿದ್ದಾಗ ಒಂದು ಬೆಳಿಗ್ಗೆ ಇವರು ಫೋನಿನಲ್ಲಿ ಯಾರಿಗೋ, "ಪಿಂಟೋ ನಿನ್ನೆ ಖಲಾಸ್ ಭಾಯಿ! ಹೆಂಡತಿಗೆ ಇನ್ನೂ ಗೊತ್ತಿಲ್ಲ, ಪಾಪ" ಎನ್ನುತ್ತ ಆಫೀಸಿಗೆ ಹೊರಟರು. ಮಾವ ದೋಸೆಯ ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿದರು.

"ಲೀನಾ, ಇಲ್ಲಿ ಬಾ. ಕೇಳಿದ್ದಕ್ಕೆ ಮಾತ್ರ ಉತ್ತರ. ಪಿಂಟೋ ಖಲಾಸ್ ಆದದ್ದು ನಿನಗೆ ಗೊತ್ತುಂಟಾ?"

"ಗೊತ್ತುಂಟು ಮಾವ. ನಾನೇ ಹೇಳಿ ಮಾಡಿಸಿದ್ದಲ್ವಾ!"

"ಯಾಕೆ?"

"ದಿನಾ ಊಟಕ್ಕೆ ಬಂದು ಕೂತ್ಕೊಳ್ತಾನೆ. ನನಗೂ ಸಾಕಾಗಿತ್ತು."

"ಸ್ವಲ್ಪವೂ ಪಶ್ಚಾತ್ತಾಪ ಇಲ್ವಾ?"

"ಎಂತದಕ್ಕೆ? ಇದಕ್ಕಾಗಿ ಸಂತ ಅಂತೋನಿಯವರಿಗೆ ಒಂಬತ್ತು ದಿನ ನೊವೆನಾ ಪ್ರಾರ್ಥನೆ ಕೂಡ ಹೇಳಿದ್ದೇನೆ."

ಮಾವ ಎದ್ದರು. ಒಳಗೆ ಹೋಗಿ ಕೋಟು ಹಾಕಿಕೊಂಡು ಬಂದರು. ಗುಂಡಿಗಳು ತಪ್ಪು ತೂತಿಗೆ ಸೇರಿದ್ದವು. "ಪೊಲೀಸ್ ಸ್ಟೇಷನ್ ಯಾವ ಕಡೆ?" ಎಂದಾಗಲೇ ವಿಷಯ ನನ್ನ ತಲೆಗೆ ಹೋದದ್ದು. ಅಯ್ಯೋ ದೇವರೇ, ಅದು ವೀಸಾ ಮಾವ, ವೀಸಾ ಸಿಕ್ಕಿತು ಅಂತ, ಎಂದು ಗೋಗರೆದೆ. "ಸಾಕ್ಷಿ ಈಗ ಮಾತು ತಿರುಗಿಸ್ತಾ ಉಂಟು" ಎಂದರು. ಇವರ ಫೋನ್ ಆಫ್. ಪಿಂಟೋನದ್ದು ರಿಂಗಾಗುತ್ತಿತ್ತು, ಎತ್ತುವವರಿಲ್ಲ. ಅದೂ ನಮ್ಮ ವಿರುದ್ಧದ ಪುರಾವೆಯೇ ಆಯಿತು. ಈಗ ನಗು ಬರುತ್ತದೆ, ಆಗ ಬರಲಿಲ್ಲ. ಭಾಷೆ ಬಾರದ ಊರಿನಲ್ಲಿ ತಂದೆಯೇ ಹೋಗಿ ಮಗ ಕೊಲೆಗಾರ ಎಂದರೆ, ಮೊದಲು ಇವರನ್ನು ಒಳಗೆ ಹಾಕಿ ಆಮೇಲೆ ತಾನೇ ದುಭಾಷಿಯನ್ನು ಹುಡುಕುವುದು? ಆಫೀಸಿನವರ ಕಿವಿಗೆ ಬಿದ್ದರೆ ಇಲ್ಲಿ ವಾಸಿಸುವ ಪರವಾನಗಿ, ಆ ಇಕಾಮಾ ರದ್ದು, ನಾವೆಲ್ಲ ಊರಿಗೆ. ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.

"ದಾರಿ ಬಿಡು. ಊರವರ ಮಕ್ಕಳನ್ನೆಲ್ಲ ಜೈಲಿಗೆ ಕಳಿಸಿದವ ನಾನು. ನನ್ನ ಮಗನನ್ನು ಮಾತ್ರ ಅಡಗಿಸಿಟ್ಟರೆ ಆ ತಾಯಂದಿರಿಗೆ ಎಂತ ಹೇಳಲಿ?" ಎಂದರು. ಕಣ್ಣಲ್ಲಿ ನೀರಿತ್ತು.

"ಇನ್ನೊಂದು ಸಾಕ್ಷಿ ಉಂಟು ಮಾವ!" ಎಂದು ಕಿರುಚಿದೆ. ನೆಗಡಿಯೆಂದು ಶಾಲೆಗೆ ಹೋಗದೆ ಟಿವಿ ನೋಡುತ್ತಿದ್ದ ಮಗಳನ್ನು ಎಳೆದು ತಂದೆ. ನಾನು ಬಾಯಿ ತೆರೆಯುವ ಮೊದಲೇ ಮಾವ ಸನ್ನೆ ಮಾಡಿ ಸುಮ್ಮನಿರಿಸಿದರು. ಎಳೆಯ ಸಾಕ್ಷಿಯಾದರೆ ಮೊದಲು ಪರೀಕ್ಷೆ ಮಾಡಬೇಕಂತೆ.

"ಸುಳ್ಳು ಹೇಳಿದರೆ ಎಂತ ಆಗ್ತದೆ ಮಗಾ?"

"ಜೀಸಸ್ ವಿಲ್ ಬಿ ಸ್ಯಾಡ್, ಅಜ್ಜ."

"ಖಲಾಸ್ ಅಂದರೆ ಎಂತ?"

ಅವಳು ಕೈಯಲ್ಲಿದ್ದ ಹಾಲಿನ ಲೋಟವನ್ನು ಬೋರಲು ಹಿಡಿದು ತೋರಿಸಿದಳು. "ಫಿನಿಶ್ಡ್! ಮಿಲ್ಕ್ ಖಲಾಸ್."

ಮಾವ ಸೋಫಾದಲ್ಲಿ ಕುಸಿದು ಕೂತರು. ಆಮೇಲೆ ಕೋಟಿನ ಗುಂಡಿ ಬಿಚ್ಚುತ್ತ, "ದೋಸೆ ಉಂಟಾ?" ಎಂದರು. ಬಿಡುಗಡೆಯಾಯಿತು ಎಂದು ನಾನು ಶಿಲುಬೆಯ ಗುರುತು ಹಾಕಿಕೊಂಡೆ.

ಬಿಸಿ ದೋಸೆ ಬಡಿಸುವಾಗ ಸ್ವಲ್ಪ ಧೈರ್ಯ ಬಂದು, "ಸ್ವಂತ ಮಗನ ಮೇಲೆ ಅಷ್ಟು ಸಂಶಯವಾ ಮಾವ?" ಎಂದೆ.

"ಅವನ ಮೇಲೆ ಎಂತ ಸಂಶಯ? ಫೋನಿನಲ್ಲಿ ಕೇಳಿದಾಗಲೂ, ಛೆ, ಇದು ಅವನಿಂದ ಆಗುವ ಕೆಲಸ ಅಲ್ಲ ಅಂತಲೇ ಅನ್ನಿಸಿತ್ತು. ನೀನು ಹೇಳಿ ಮಾಡಿಸಿದ್ದು ಅಂದ ಮೇಲೆ ನಂಬಿದೆ."

ನಾನು ಹೇಳಿದ್ದನ್ನು ನನ್ನ ಗಂಡ ತಪ್ಪದೆ ಮಾಡುತ್ತಾರೆ ಎಂದು ಒಬ್ಬ ಸೆಷನ್ಸ್ ಜಡ್ಜೇ ಒಪ್ಪಿಕೊಂಡ ಮೇಲೆ ಇನ್ನೇನು ಬೇಕು? ಅದನ್ನೂ ದೇವರ ಸಣ್ಣ ಕೃಪೆಗಳ ಸಾಲಿಗೆ ಸೇರಿಸಿ, ಕಾವಲಿಗೆ ಮತ್ತೊಂದು ದೋಸೆ ಹುಯ್ದೆ.